ಉಂಗುರದ ಕಲ್ಲು ಮತ್ತು ನಮ್ಮ ಭರವಸೆ

ಮುದ್ರೆಯಿಲ್ಲದ ಪತ್ರಗಳನ್ನು ಅರಸರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ ಮುಹಮ್ಮದ್(ಸ) ‘ಮುಹಮ್ಮದ್ ರಸೂಲುಲ್ಲಾಹ್’ ಎಂದು ಕೆತ್ತಿದ ಬೆಳ್ಳಿಯ ಉಂಗುರ ಮಾಡಿಸಿದರು. ಅವರ ಬೆಳ್ಳಿಯುಂಗುರದಲ್ಲಿ ಅಬಿಸೀನಿಯದ ಕಲ್ಲಿತ್ತೆಂಬ ಹದೀಸ್ ಕೂಡ ಇದೆ; ಅದು ಓನಿಕ್ಸ್ ಇಲ್ಲವೇ ಅಕೀಕ್ ಎಂದು ವಿದ್ವಾಂಸರು ವಿವರಿಸಿದ್ದಾರೆ.

ಪ್ರವಾದಿಯವರ ನಂತರ ಆ ಮುದ್ರೆಯುಂಗುರ ಅಬೂಬಕರ್(ರ), ಉಮರ್(ರ), ಉಸ್ಮಾನ್(ರ)ರ ಕೈಸೇರಿತು. ಉಸ್ಮಾನ್(ರ)ರ ಕಾಲದಲ್ಲಿ ಅದು ಮದೀನಾದ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರು, ನೀರನ್ನೂ ಬತ್ತಿಸಿದರು, ಸಿಗಲಿಲ್ಲ. ಉಂಗುರ ಹೋಯಿತು, ದೀನ್ ಉಳಿಯಿತು.

ಓನಿಕ್ಸ್ ದೃಷ್ಟಿ ನಿವಾರಿಸುತ್ತದೆ, ವ್ಯಾಪಾರ ಕುದುರಿಸುತ್ತದೆ ಎಂದು ನಂಬಿ ಇಂದು ನಮ್ಮಲ್ಲಿ ಕೆಲವರು ಸಾಲ ಮಾಡಿ ಕೊಳ್ಳುತ್ತಾರೆ. ಅಂಗಡಿಯ ಕಪ್ಪು ಓನಿಕ್ಸ್ ಹೆಚ್ಚಾಗಿ ಬಣ್ಣ ಹಾಕಿದ ಕಲ್ಲು. ಅಲಂಕಾರಕ್ಕೆ ಧರಿಸೋಣ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿಡೋಣ. ಒಳಿತು ಕೆಡುಕು ಅಲ್ಲಾಹನ ಕೈಯಲ್ಲಿದೆ. ನಮ್ಮ ಭರವಸೆ ಅವನ ಮೇಲಿರಲಿ.