ಚಪ್ಪಲಿ ಹೊಲಿಯುವವರು ಮೇಷ್ಟ್ರಾದಾಗ

ಕ್ರೈಸ್ತ ಧರ್ಮ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ದೊಡ್ಡ ಚರ್ಚು, ಬಿಷಪ್ಪರು, ದೊರೆಗಳ ಬೆಂಬಲ. ಆದರೆ ರೋಮ್ ಸಾಮ್ರಾಜ್ಯ 313ರಲ್ಲಿ ಅದಕ್ಕೆ ಮಾನ್ಯತೆ ಕೊಡುವ ಮೊದಲೇ ಆ ಮಾತು ಮನೆಮನೆಗೆ ತಲುಪಿತ್ತು. ತಲುಪಿಸಿದವರು ಯಾರು?

ಉತ್ತರ ಸಿಗೋದು ವೈರಿಯ ಬೈಗುಳದಲ್ಲಿ. ಸುಮಾರು 178ರಲ್ಲಿ ಸೆಲ್ಸಸ್ ಎಂಬ ಪಂಡಿತ ಕ್ರೈಸ್ತರ ವಿರುದ್ಧ ಪುಸ್ತಕ ಬರೆದ. ಉಣ್ಣೆ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು ಯಜಮಾನರ ಎದುರು ಬಾಯಿ ಬಿಡೋದಿಲ್ಲ. ಹೆಂಗಸರು ಮಕ್ಕಳು ಸಿಕ್ಕರೆ ಸಾಕು, ಅಪ್ಪನ ಮಾತು, ಮೇಷ್ಟ್ರ ಮಾತು ಬಿಡಿ, ನಮ್ಮ ಅಂಗಡಿಗೆ ಬನ್ನಿ ಅಂತಾರೆ ಎಂಬುದು ಅವನ ದೂರು. ರೋಮ್‌ನ ಕಸುಬುದಾರರ ಸ್ಥಿತಿಯೂ ನಮ್ಮ ಜಾತಿಯೂ ಒಂದೇ ಅಲ್ಲ. ಆದರೂ ಈ ದನಿ ನಮಗೆ ಗುರುತು ಸಿಗುತ್ತೆ. ಏನು ಕಲಿಸಿದರು ಅನ್ನೋದಷ್ಟೇ ಅಲ್ಲ, ಇಂಥವರು ಕಲಿಸ್ತಾರಲ್ಲ ಅನ್ನೋದೇ ಪಂಡಿತರ ಸಂಕಟ.

ಓದಿದವರೂ ಇದ್ದರು. ಸಮಾರ್ಯದ ಜಸ್ಟಿನ್ ರೋಮ್‌ನಲ್ಲಿ ತಾನಿದ್ದ ಬಿಡಾರದಲ್ಲೇ ಬಂದವರಿಗೆಲ್ಲ ಪಾಠ ಹೇಳಿದ. ಸುಮಾರು 165ರಲ್ಲಿ ನಗರಾಧಿಕಾರಿ ರಸ್ಟಿಕಸ್ ಅವನನ್ನೂ ಆರು ಮಂದಿ ಸಂಗಡಿಗರನ್ನೂ ಕೊಲ್ಲಿಸಿದ. ಅವರಲ್ಲಿ ಒಬ್ಬಾಕೆ ಹೆಂಗಸು. ಯುಎಲ್ಪಿಸ್ತಸ್ ಎಂಬವನು ಚಕ್ರವರ್ತಿಯ ಗುಲಾಮ. ಕ್ರಿಸ್ತ ತನ್ನನ್ನು ಬಿಡುಗಡೆ ಮಾಡಿದ್ದಾನೆ ಎಂದು ಅವನು ನ್ಯಾಯಪೀಠದ ಮುಂದೆ ಹೇಳಿದ್ದು ವಿಚಾರಣೆಯ ದಾಖಲೆಯಲ್ಲಿದೆ. ಮೇಷ್ಟ್ರಿಗೂ ಗುಲಾಮನಿಗೂ ಅಲ್ಲಿ ಒಂದೇ ಸಾವು.

ಇಷ್ಟಕ್ಕೇ ನಾವು ಜೈಕಾರ ಹಾಕೋದು ಬೇಡ. ಅಲೆಕ್ಸಾಂಡ್ರಿಯಾದ ಓರಿಜೆನ್ 18ರ ಹರೆಯಕ್ಕೇ ಪಾಠಕ್ಕೆ ನಿಂತವನು. ಬಿಷಪ್ ದೆಮೆತ್ರಿಯಸ್‌ನ ಒಪ್ಪಿಗೆಯಿಲ್ಲದೆ ಹೊರಊರಲ್ಲಿ ಪಾದ್ರಿಯಾದ ಅಂತ ಸುಮಾರು 231ರಲ್ಲಿ ಊರನ್ನೇ ಬಿಡಬೇಕಾಯ್ತು. ಕಲಿಸುವ ಹಕ್ಕು ಮೆಲ್ಲಗೆ ಬಿಷಪ್ಪರ ಕೈಗೆ ಹೋಯ್ತು. ಹೆಂಗಸು ಕಲಿಸಬಾರದು ಎಂಬ ಮಾತು ಧರ್ಮಗ್ರಂಥದೊಳಗೇ ಕೂತಿತ್ತು. ಕ್ರೈಸ್ತ ಒಡೆಯನ ಗುಲಾಮ ಪಾಠ ಕೇಳೋಕೂ ಒಡೆಯನ ಅಪ್ಪಣೆ ಬೇಕು ಎಂದು ಸಭೆಯ ಹಳೆಯ ಕಟ್ಟಳೆಯೊಂದು ಹೇಳಿತು. ಧರ್ಮ ಗೆದ್ದಿತು, ಗುಲಾಮಗಿರಿ ಉಳೀತು.

ಸೆಲ್ಸಸ್‌ನ ಪುಸ್ತಕವೇ ಈಗಿಲ್ಲ. ಅವನಿಗೆ ಉತ್ತರ ಬರೆಯುವಾಗ ಓರಿಜೆನ್ ಎತ್ತಿಕೊಂಡ ಮಾತುಗಳಷ್ಟೇ ನಮಗೆ ದಕ್ಕಿವೆ. ಚಪ್ಪಲಿ ಹೊಲಿಯುತ್ತ ಪಾಠ ಹೇಳಿದವನ ಹೆಸರನ್ನು ಇವನೂ ಬರೆಯಲಿಲ್ಲ, ಅವನೂ ಬರೆಯಲಿಲ್ಲ. ಉಳಿದದ್ದು ಬೈಗುಳ ಮಾತ್ರ.

ಹಳ್ಳಿ ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮೂರಿನ ಚರಿತ್ರೆ ಬರೆಯುವಾಗ ಹೊಗಳಿಕೆಯ ಶಾಸನಗಳನ್ನಷ್ಟೇ ಓದಬೇಡಿ. ಊರ ದೊಡ್ಡವರು ಯಾರನ್ನು ಬೈದರು ಅಂತಲೂ ಕೇಳಿ. ಬೈಸಿಕೊಂಡವರು ಅಲ್ಲಿ ಏನನ್ನೋ ಕಲಿಸಿರ್ತಾರೆ.