ಮಳೆ ಹುಟ್ಟಿತು, ಬಂತೇ?

ರಾಂಪುರದ ಕಡೆ ಮಳೆಗೆ ಎರಡು ಕ್ರಿಯಾಪದ. ಜೂನ್ 22ರ ಸುಮಾರಿಗೆ ಸೂರ್ಯ ಆರಿದ್ರಾ ನಕ್ಷತ್ರ ಹೊಕ್ಕರೆ ‘ಆರಿದ್ರ ಮಳೆ ಹುಟ್ಟಿತು’, ಹನಿ ಬಿದ್ದಿರಲೇಬೇಕೆಂದಿಲ್ಲ. ಎರಡು ವಾರ ಕಳೆದು ಪುನರ್ವಸು ಹುಟ್ಟುವಾಗಲೂ ನೆಲ ಒಣಗಿಯೇ ಇದ್ದರೆ ‘ಆರಿದ್ರ ಮಳೆ ಬರಲಿಲ್ಲ’. ಹುಟ್ಟಿದ್ದು ಬರಲಿಲ್ಲ ಎಂಬುದು ತರ್ಕಕ್ಕೆ ತೊಡಕು, ಶೇಂಗಾ ಬಿತ್ತುವವರಿಗೆ ಸಲೀಸು. ಒಂದು ಮಳೆ ಪಂಚಾಂಗದ್ದು, ಇನ್ನೊಂದು ಹೊಲದ್ದು.

ರಾಜಕೀಯದ ಮಾತಿನಲ್ಲಿ ಈ ವ್ಯತ್ಯಾಸವೇ ಅಳಿಸಿಹೋಗಿದೆ. ಪ್ರಮಾಣವಚನದ ದಿನವೇ ‘ಹೊಸ ಸರ್ಕಾರ ಬಂತು, ಬದಲಾವಣೆ ಬಂತು’ ಎಂದುಬಿಡುತ್ತೇವೆ. ಅದು ಹುಟ್ಟಿದ್ದು ಮಾತ್ರ. ರಾಂಪುರ ಸೇರಿದ ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರ 2013ರಲ್ಲಿ ಬಿಎಸ್‌ಆರ್ ಕಾಂಗ್ರೆಸ್ಸನ್ನು, 2018ರಲ್ಲಿ ಬಿಜೆಪಿಯನ್ನು, 2023ರಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿತು. ಕೊನೆಯ ಸಲ ಗೆದ್ದ ಎನ್.ವೈ. ಗೋಪಾಲಕೃಷ್ಣ ಇಲ್ಲಿಗೆ ಹೊಸಬರೇನಲ್ಲ: ಹಿಂದೆ ಇಲ್ಲಿಂದಲೇ ಕಾಂಗ್ರೆಸ್ ಶಾಸಕರಾಗಿದ್ದವರು, 2018ರಲ್ಲಿ ಕೂಡ್ಲಿಗಿಯಿಂದ ಬಿಜೆಪಿ ಶಾಸಕರು. ನಕ್ಷತ್ರಗಳೂ ಹೀಗೆಯೇ ಸುತ್ತಿ ಬರುತ್ತವೆ! 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಪ್ರಕಟವಾದಾಗಲೂ ‘ನೀರು ಬಂತು’ ಎಂಬ ಧಾಟಿಯಲ್ಲೇ ಸಂಭ್ರಮ. ಬಜೆಟ್ಟಿನ ಸಾಲು ಪಂಚಾಂಗದ ಸಾಲಿನ ಜಾತಿಯದು. ಬಂದದ್ದನ್ನು ಕಾಲುವೆಯಲ್ಲಿ ನೋಡಬೇಕು.

ಮಳೆಗಾಲ ತಾನಾಗಿ ತಿರುಗುತ್ತದೆ, ಸರ್ಕಾರವನ್ನು ಜನ ತಿರುಗಿಸುತ್ತಾರೆ, ಈ ಹೋಲಿಕೆ ಕೈಕಟ್ಟಿ ಕೂರುವುದನ್ನು ಕಲಿಸುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮೊದಲರ್ಧ ನಿಜ. ಆದರೆ ‘ಹುಟ್ಟಿತು’, ‘ಬಂತು’ಗಳನ್ನು ಬೇರ್ಪಡಿಸಿದವರು ಕೈಕಟ್ಟಿ ಕೂತವರಲ್ಲ. ಮಳೆ ಬಿದ್ದ ಮರುದಿನ ಕೆಂಪು ಮಣ್ಣನ್ನು ಬೆರಳಲ್ಲಿ ಕೆದಕಿ, ತೇವ ಎಲ್ಲಿವರೆಗೆ ಇಳಿದಿದೆ ನೋಡುತ್ತಾರೆ. ಒಂದು ಹಿಡಿ ಎತ್ತಿ ಅದುಮುತ್ತಾರೆ. ಉಂಡೆ ಕಟ್ಟಿ, ಕೈಬಿಟ್ಟರೆ ಒಡೆಯುವಂತಿದ್ದರೆ ಹದ. ಮೇಲ್ಮಣ್ಣಷ್ಟೇ ನೆನೆದಿದ್ದರೆ ಬಂದ ಮಳೆಯೂ ಲೆಕ್ಕಕ್ಕಿಲ್ಲ. ಐದು ವರ್ಷಕ್ಕೊಮ್ಮೆ ಗುಂಡಿ ಒತ್ತುವುದಕ್ಕಿಂತ ಇದು ಕಟ್ಟುನಿಟ್ಟಿನ ತಪಾಸಣೆ. ಇಷ್ಟಾದ ಮೇಲೆ ಹುಟ್ಟುವ ದಿನಕ್ಕೆ ಬೆಲೆಯೇ ಇಲ್ಲವೇ? ಇದೆ. ಆ ದಿನಗಳನ್ನು ನೋಡಿಕೊಂಡೇ ಹೊಲ ಹಸನಾಗುತ್ತದೆ, ಶೇಂಗಾ ಸುಲಿದು ಬಿತ್ತನೆ ಬೀಜ ಆರಿಸಿಡುವುದಾಗುತ್ತದೆ. ಮುದುಡಿದ ಕಾಳು, ಸಿಪ್ಪೆ ಕಿತ್ತ ಕಾಳು ಬೇರೆ, ತುಂಬಿದ್ದು ಬೇರೆ. ಮಳೆ ಹುಟ್ಟಿತೆಂಬ ಮಾತ್ರಕ್ಕೆ ಆ ಬೀಜದ ಚೀಲವನ್ನು ಹೊಲಕ್ಕೆ ಒಯ್ಯುವವರು ಕಡಿಮೆ.