ಮೀನು ಸಾಯಲ್ಲ, ಮರಿ ಆಗಲ್ಲ: ಪತ್ತೆ ಹಚ್ಚೋದು ಹೇಗೆ?

ಸಾಲಗಾಮೆ: ಕೆಲವು ರಾಸಾಯನಿಕಗಳು ಮೀನನ್ನು ಕೊಲ್ಲಲ್ಲ, ಹಾರ್ಮೋನ್ ಕೆಡಿಸಿ ಸಂತಾನ ತಗ್ಗಿಸುತ್ತವೆ.

ಪರೀಕ್ಷೆ: ಗಂಡು, ಹೆಣ್ಣು ಮೀನುಗಳನ್ನು ರಾಸಾಯನಿಕ ಬೆರೆತ ನೀರಲ್ಲಿ 21 ದಿನ ಬಿಟ್ಟು, ದಿನಾ ಮೊಟ್ಟೆ ಎಣಿಸ್ತಾರೆ. ಮೊಟ್ಟೆಯ ಹಳದಿಗೆ ಬೇಕಾದ ವಿಟೆಲ್ಲೊಜೆನಿನ್ ಪ್ರೋಟೀನ್ ಗಂಡಿನಲ್ಲೂ ಹೆಚ್ಚಾದರೆ, ನೀರಲ್ಲಿ ಹೆಣ್ಣು ಹಾರ್ಮೋನಿನಂಥ ವಸ್ತು ಇದೆ ಅಂತ ಅರ್ಥ.

ಸಾಕ್ಷಿ: ಕೆನಡಾದ ವಿಜ್ಞಾನಿಗಳು 2001ರಿಂದ 2003ರವರೆಗೆ ಒಂದು ಸರೋವರಕ್ಕೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಹಾಕಿದರು. ಲೀಟರಿಗೆ ಬರೀ 5–6 ನ್ಯಾನೊಗ್ರಾಂ. ಅಲ್ಲಿನ ಒಂದು ಜಾತಿಯ ಸಣ್ಣ ಮೀನು ಹೆಚ್ಚೂಕಮ್ಮಿ ಖಾಲಿಯಾಯ್ತು. ಹಾಕೋದು ನಿಲ್ಲಿಸಿದ ಕೆಲ ವರ್ಷಗಳಲ್ಲಿ ಮತ್ತೆ ಹೆಚ್ಚಿತು.

ನಮ್ಮಲ್ಲಿ: ನಮ್ಮ ಹೇಮಾವತಿ ಸೇರುವ ಕೆಆರ್‌ಎಸ್ ನೀರನ್ನು ಬೆಂಗಳೂರಿನ ಐಐಎಸ್‌ಸಿ ಪರೀಕ್ಷಿಸಿದ ವರದಿ 2022ರಲ್ಲಿ ಬಂತು. ಅದು ಹಾರ್ಮೋನ್ ಪರೀಕ್ಷೆಯಲ್ಲ. ಆದರೆ ನಿಂತ ನೀರಲ್ಲಿಟ್ಟ ಜೀಬ್ರಾಮೀನಿನ ಭ್ರೂಣಗಳ ಮೂಳೆ, ಹೃದಯ ಕೆಟ್ಟಿದ್ದವು.

ನೀವೇನು ಮಾಡಬಹುದು: ಆಲೂಗಡ್ಡೆಗೆ ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೀಬೇಡಿ. ಉಳಿದ ಮಾತ್ರೆ ಚರಂಡಿಗೆ ಎಸೀಬೇಡಿ.